ಕಾಗದದ ಬೆಲೆ, ಕೈಯ ಬೆಲೆ

ದೇವದುರ್ಗ, ಮಾನ್ವಿಗಳಿಂದ ರಾಯಚೂರಿಗೆ ಓದಲು ಬರುವ ಹುಡುಗ ಹುಡುಗಿಯರ ಈಗಿನ ಪ್ರಶ್ನೆಗಳಲ್ಲಿ ಒಂದು: ಲಿನಕ್ಸ್‌ನ ಮೊದಲ ಹಂತದ ಸರ್ಟಿಫಿಕೇಟ್ ಮಾಡಿಕೊಂಡರೆ ಐಟಿ ಕೆಲಸ ಸಿಗುತ್ತದೆಯೇ? ಪ್ರಶ್ನೆ ಹೊಸದು, ಅದರ ಹಿಂದಿನ ಆತಂಕ ಹಳೆಯದು. ಯಾವ ಕಾಗದ ಕೈಯಲ್ಲಿದ್ದರೆ ನೌಕರಿ ಎಂಬುದು ಈ ಸೀಮೆಯಲ್ಲಿ ಹಲವು ಸಲ ಬದಲಾಗಿದೆ.

ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ 1880ರ ದಶಕದಲ್ಲಿ ಫಾರಸಿಯ ಜಾಗಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂತು. 1918ರಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಮನೆಯಲ್ಲಿ ಕನ್ನಡ ಆಡುವವರೂ ಸರ್ಕಾರಿ ಕಚೇರಿ ಸೇರಲು ಉರ್ದು ಕಲಿಯಬೇಕಿತ್ತು. 1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. 1963ರ ಕಾಯ್ದೆ ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯಾಗಿಸಿತು. ಹದಿನೈದೇ ವರ್ಷಗಳಲ್ಲಿ ಒಂದು ತಲೆಮಾರಿನ ಓದಿಗೆ ಕಚೇರಿಯಲ್ಲಿದ್ದ ಬೆಲೆ ಇಳಿದುಹೋಯಿತು.

ಆದರೆ ಕಲಿತದ್ದು ಪೂರ್ತಿ ವ್ಯರ್ಥವಾಗಲಿಲ್ಲ. ನಿಜಾಮರ ಕಾಲದ ಜಮೀನು ದಾಖಲೆ ಓದಬೇಕಾದಾಗ ಇಂದಿಗೂ ಉರ್ದು ಬಲ್ಲವರನ್ನೇ ಹುಡುಕಬೇಕು. ಅವರ ಸರ್ಟಿಫಿಕೇಟನ್ನು ಯಾರೂ ಕೇಳುವುದಿಲ್ಲ. ಓದಲು ಬರುತ್ತದೆಯೇ ಎಂದಷ್ಟೇ ಕೇಳುತ್ತಾರೆ.

ಮುಂದೆ ಟೈಪಿಂಗ್, ಶಾರ್ಟ್‌ಹ್ಯಾಂಡ್‌ನ ಜೂನಿಯರ್, ಸೀನಿಯರ್ ಪರೀಕ್ಷೆಗಳ ಕಾಲ ಬಂತು. ಟೈಪ್‌ರೈಟರ್ ಮೂಲೆ ಸೇರಿದ ಮೇಲೆ, 2012ರ ನಿಯಮಗಳು ರಾಜ್ಯ ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ತಂದವು. ಅದೇ ವರ್ಷದ ಸಂವಿಧಾನ ತಿದ್ದುಪಡಿಯಿಂದ 371(ಜೆ) ವಿಧಿ ಬಂದು, ಈ ಭಾಗದವರೆಂಬ ಅರ್ಹತಾ ಪ್ರಮಾಣಪತ್ರವೂ ಮೀಸಲಾತಿಯ ಕೀಲಿಯಾಯಿತು. ಈ ಎಲ್ಲ ಕಾಗದಗಳಿಗೂ ಬೆಲೆ ಕಟ್ಟಿದ್ದು ಸರ್ಕಾರ.

ಲಿನಕ್ಸ್ ಸರ್ಟಿಫಿಕೇಟ್ ಹಾಗಲ್ಲ. ಅದನ್ನು ಯಾವ ಕಾನೂನೂ ಕೇಳುವುದಿಲ್ಲ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಹಾಕಿಕೊಳ್ಳಬಹುದು. ಆದರೆ ಅದು ಗೊತ್ತಿದೆ ಎಂಬ ಪುರಾವೆಗೆ ದುಡ್ಡು ಕೊಡಬೇಕು. ಎಲ್‌ಪಿಐ ಸಂಸ್ಥೆಯ ಎಲ್‌ಪಿಐಸಿ-1ಕ್ಕೆ ಎರಡು ಪರೀಕ್ಷೆ, ಹೆಚ್ಚಿನವು ಸರಿ ಉತ್ತರ ಆರಿಸುವ ಪ್ರಶ್ನೆಗಳು. ಅವಧಿ 5 ವರ್ಷ. ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ ಪರೀಕ್ಷೆಯಲ್ಲಿ ಆರಿಸಲು ಉತ್ತರಗಳಿಲ್ಲ. ಯಂತ್ರದ ಮುಂದೆ ಕೂತು ಬಳಕೆದಾರರ ಖಾತೆ ತೆರೆಯಬೇಕು, ಡಿಸ್ಕ್ ವಿಭಾಗಿಸಬೇಕು, ಮರೆತ ರೂಟ್ ಪಾಸ್‌ವರ್ಡ್ ಬದಲಿಸಬೇಕು. ಅದರ ಅವಧಿ 3 ವರ್ಷ.

ಹಾಗಾದರೆ ಮಾಡಬೇಕೆ? ಬೆಂಗಳೂರು, ಹೈದರಾಬಾದ್‌ಗಳಲ್ಲಿ ಪರಿಚಯದವರಿಲ್ಲದ ಮಾನ್ವಿಯ ಹುಡುಗಿಗೆ ಆ ಕಾಗದ ಶಿಫಾರಸಿನ ಜಾಗದಲ್ಲಿ ನಿಲ್ಲಬಹುದು. ಅವಳ ಅರ್ಜಿಯನ್ನು ಒಬ್ಬರು ತೆರೆದು ನೋಡುವಂತೆ ಮಾಡಬಹುದು. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಬಯಸಬಾರದು. ಸಾಲ ಮಾಡಿ ಫೀಸು ಕಟ್ಟುವ ಮೊದಲು, ತಾನು ಸೇರಬೇಕೆಂದಿರುವ ಹುದ್ದೆಯ ಹತ್ತಾರು ಜಾಹೀರಾತುಗಳಲ್ಲಿ ಆ ಹೆಸರು ಇದೆಯೇ ಎಂದು ನೋಡಲಿ. ಅಷ್ಟರಲ್ಲಿ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಕೆಡಿಸಿ, ಮತ್ತೆ ಸರಿಮಾಡಿ ಆರು ತಿಂಗಳು ಕಳೆಯಲಿ. ಪರೀಕ್ಷೆ ಆಮೇಲೆ.

ಉರ್ದು ಕಲಿತ ತಲೆಮಾರಿಗೆ ತಮ್ಮ ಕಾಗದದ ಅವಧಿ ಎಂದು ಮುಗಿಯುತ್ತದೆ ಎಂದು ಯಾರೂ ಮೊದಲೇ ಹೇಳಿರಲಿಲ್ಲ. ಈ ಸರ್ಟಿಫಿಕೇಟ್ ತನ್ನ ಕೊನೆಯ ದಿನವನ್ನು ತನ್ನ ಮೇಲೆಯೇ ಬರೆದುಕೊಂಡು ಬರುತ್ತದೆ. ಅಷ್ಟರೊಳಗೆ ಕೈ ಎಷ್ಟು ಪಳಗಿದೆ ಎಂಬುದೇ ಮುಂದೆ ಉಳಿಯುವ ಲೆಕ್ಕ.