‘ಹ’ ಹುಡುಕುತ್ತಾ ಹೊಸೂರು ಸುತ್ತು: ಅರ್ಧ ದಿನದ ನಡಿಗೆಗೊಂದು ಕೈಪಿಡಿ

ಹೊಸೂರಿನಲ್ಲಿ ಬಸ್ಸಿಳಿದು ತಮಿಳು ಫಲಕ ಓದಿದರೆ ಊರಿನ ಹೆಸರು ‘ಓಸೂರ್’. ನಮ್ಮ ಮನೆಗಳಲ್ಲಿ ಅದು ಹೊಸೂರು, ಅಂದರೆ ಹೊಸ ಊರು. ನಡುವೆ ಇದ್ದ ‘ಹ’ ಎಲ್ಲಿ ಹೋಯಿತು? ನಮ್ಮ ಬಳಗದ ಮಕ್ಕಳೊಬ್ಬರು ಕೇಳಿದ ಈ ಪ್ರಶ್ನೆಯಿಂದಲೇ ಈ ನಡಿಗೆ ಹುಟ್ಟಿತು. ಬೆಟ್ಟದ ಬುಡದಿಂದ ಹೊರಟು, ಪೇಟೆ, ಕೆರೆ ಸುತ್ತಿ ಮತ್ತೆ ಬೆಟ್ಟದ ಬುಡಕ್ಕೇ ಬರುವ ಸುತ್ತು ಇದು. ನಿಧಾನವಾಗಿ ನಡೆದು, ನಡುವೆ ತಿಂಡಿ ಕಾಫಿ ಮುಗಿಸಿದರೂ ಅರ್ಧ ದಿನ ಸಾಕು. ಗಡಿಯೂರುಗಳ ಸದಸ್ಯರು ತಾವೇ ನಡೆದು ನೋಡಲೆಂದು ವಿವರ ಕೊಡುತ್ತಿದ್ದೇವೆ.

ಆಟದ ನಿಯಮ

ಹಳಗನ್ನಡದಲ್ಲಿ ‘ಪ’ದಿಂದ ಶುರುವಾಗುತ್ತಿದ್ದ ಎಷ್ಟೋ ಅಚ್ಚಗನ್ನಡ ಪದಗಳು ಮುಂದೆ ‘ಹ’ ಆದವು. ಹತ್ತನೆಯ ಶತಮಾನದ ಪಂಪನ ಕನ್ನಡದಲ್ಲಿ ಪಾಲ್, ಪೂ, ಪುಲಿ, ಪೆಸರ್. ಇವತ್ತು ನಮಗೆ ಹಾಲು, ಹೂ, ಹುಲಿ, ಹೆಸರು. ತಮಿಳು ಈ ದಾರಿಗೆ ಬರಲಿಲ್ಲ. ಅಲ್ಲಿ ಈಗಲೂ ಪಾಲ್, ಪೂ, ಪುಲಿ, ಪೆಯರ್. ತೆಲುಗಿನಲ್ಲೂ ಪಾಲು, ಪುಲಿ, ಪೇರು.

ಆದ್ದರಿಂದ ಆಟ ಸುಲಭ. ದಾರಿಯಲ್ಲಿ ಕಂಡ ಅಥವಾ ಕೇಳಿದ ‘ಪ’ಕಾರದ ಪದಕ್ಕೆ ಕನ್ನಡದ ‘ಹ’ಕಾರದ ಜೋಡಿ ಹೇಳಿದವರಿಗೆ ಒಂದು ಅಂಕ. ತಪ್ಪು ಹೇಳಿದರೆ ಒಂದು ಅಂಕ ಕಡಿತ. ಪೂಜೆ, ಪರ್ವತದಂಥ ಸಂಸ್ಕೃತ ಪದಗಳು ಸಾಮಾನ್ಯವಾಗಿ ಬದಲಾಗಿಲ್ಲ, ಅವು ಬಲೆ. ಪೇಟೆಯೂ ಬಲೆಯೇ, ಅದನ್ನು ‘ಹೇಟೆ’ ಮಾಡಿದ ಹುಡುಗನ ಅಂಕ ನಮ್ಮ ನಡಿಗೆಯಲ್ಲಿ ಬೆಟ್ಟ ಹತ್ತುವ ಮೊದಲೇ ಸೊನ್ನೆಗಿಂತ ಕೆಳಗಿಳಿದಿತ್ತು. ತೀರ್ಪುಗಾರರಾಗಿ ಮನೆಯಲ್ಲಿ ತೆಲುಗು ಮಾತಾಡುವವರನ್ನು ಇಟ್ಟುಕೊಳ್ಳಿ. ಹೊಸೂರಿನಲ್ಲಿ ಅವರಿಗೆ ಬರವಿಲ್ಲ, ಎರಡೂ ಕಡೆಯವರು ಒಪ್ಪುತ್ತಾರೆ.

ಒಂದನೆಯ ನಿಲ್ದಾಣ: ಬೆಟ್ಟ

ಬಿಸಿಲೇರುವ ಮೊದಲು ಚಂದ್ರಚೂಡೇಶ್ವರನ ಬೆಟ್ಟ ಹತ್ತಿಬಿಡಿ. ಮೆಟ್ಟಿಲೂ ಇದೆ, ವಾಹನದ ರಸ್ತೆಯೂ ಇದೆ. ಮಂಡಿನೋವಿನ ಹಿರಿಯರು ರಸ್ತೆಯಲ್ಲಿ ಬಂದು ಮೇಲೆ ಸೇರಿಕೊಳ್ಳಬಹುದು. ಶಿವನು ಉಡದ ರೂಪದಲ್ಲಿ ಈ ಬೆಟ್ಟಕ್ಕೆ ಬಂದನೆಂದೂ, ಬೆನ್ನಟ್ಟಿ ಬಂದ ಪಾರ್ವತಿ ಅದನ್ನು ಮುಟ್ಟಿದೊಡನೆ ಅವಳ ಮೈ ಪಚ್ಚೆಯಾಯಿತೆಂದೂ ಸ್ಥಳಪುರಾಣ ಹೇಳುತ್ತದೆ. ಅದಕ್ಕೇ ದೇವಿಗೆ ಮರಕತಾಂಬಿಕೆ ಎಂಬ ಹೆಸರು.

ಇಲ್ಲಿ ಎರಡು ಅಂಕ ಕಾದಿವೆ. ತಮಿಳಿನ ಪಚ್ಚೈಗೆ ನಮ್ಮ ಹಸಿರು ಜೋಡಿ. ಹಸಿರಿನ ಹಳೆಯ ರೂಪ ಪಸಿರ್. ಉಡದ ಪುಟ್ಟ ನೆಂಟ ಹಲ್ಲಿ, ತಮಿಳಿನಲ್ಲಿ ಪಲ್ಲಿ. ಹಲ್ಲಿಯನ್ನೂ ಹಳ್ಳಿಯನ್ನೂ ಒಂದೇ ಥರ ಉಚ್ಚರಿಸಿದವರಿಗೆ ಅಂಕವಿಲ್ಲ.

ಮೇಲೆ ನಿಂತರೆ ಊರಿನ ಹರವು ಕಾಣುತ್ತದೆ. ಹಳೆಯ ಶಾಸನಗಳಲ್ಲಿ ಈ ಊರಿಗೆ ಸೆವಿಡಪಾಡಿ ಎಂಬ ಹೆಸರಿದೆ. ಅಂದರೆ ಹೊಸೂರು ‘ಹೊಸದು’ ಆಗುವ ಮೊದಲು ಇಲ್ಲೊಂದು ಹಳೆಯದು ಇತ್ತು. ಆ ಹೆಸರಿನ ಕೊನೆಯ ‘ಪಾಡಿ’ಯೇ ನಮ್ಮ ‘ಹಾಡಿ’. ಗಮನಿಸಿದವರಿಗೆ ಇನ್ನೊಂದು ಅಂಕ.

ಎರಡನೆಯ ನಿಲ್ದಾಣ: ತೇರುಪೇಟೆ

ಬೆಟ್ಟ ಇಳಿದರೆ ತೇರುಪೇಟೆ. ಇಲ್ಲಿಯ ಕೊಳಕ್ಕೂ ಪಚ್ಚೈಕುಳಂ ಎಂದೇ ಹೆಸರು. ಹಸಿರುಕೊಳ ಎಂದು ಕನ್ನಡಿಸಿದರೆ ಅಂಕ ಸಿಗುತ್ತದೆ. ‘ತೇರು’ ಮಾತ್ರ ಎರಡೂ ಭಾಷೆಗೆ ಒಂದೇ. ಜಾತ್ರೆಯ ತೇರು ಎಳೆಯುವಾಗ ಹಗ್ಗ ಹಿಡಿದವರ ಭಾಷೆ ಯಾರೂ ಕೇಳುವುದಿಲ್ಲ. ಸಾಮಾನ್ಯವಾಗಿ ಮಾರ್ಚ್ ಹೊತ್ತಿಗೆ ಬರುವ ಆ ದಿನಗಳಲ್ಲಿ ನಡಿಗೆ ಇಟ್ಟುಕೊಳ್ಳಬೇಡಿ. ಆಗ ನಡೆಯಲು ಜಾಗವಿರುವುದಿಲ್ಲ, ತೇರಿಗೇ ಬನ್ನಿ.

ಮೂರನೆಯ ನಿಲ್ದಾಣ: ದಾರಿಯ ಫಲಕಗಳು

ಬಸ್ ನಿಲ್ದಾಣದ ಕಡೆಗೆ ಹೆದ್ದಾರಿ ದಾಟುವಾಗ ಆಟ ನಿಲ್ಲಿಸಿ, ಮಕ್ಕಳ ಕೈ ಹಿಡಿದುಕೊಳ್ಳಿ. ದಾಟಿದ ಮೇಲೆ ಬಸ್ಸುಗಳ ಫಲಕ ಓದುತ್ತಾ ಹತ್ತು ನಿಮಿಷ ನಿಲ್ಲಿ. ಆಟದ ಅತಿ ಗಲಾಟೆಯ ಜಾಗ ಇದು.

‘ಪಳ್ಳಿ’ ಎಂದು ಮುಗಿಯುವ ಊರುಗಳಿಗೆ ಲೆಕ್ಕವಿಲ್ಲ: ಮೂಕಂಡಪಳ್ಳಿ, ತೊರಪಳ್ಳಿ, ಪೇರಂಡಪಳ್ಳಿ. ಎಲ್ಲವೂ ನಮ್ಮ ಬಾಯಲ್ಲಿ ಹಳ್ಳಿ. ಆದರೆ ಶಾಲೆಯ ಫಲಕದಲ್ಲೂ ‘ಪಳ್ಳಿ’ ಇರುತ್ತದೆ, ಇಂದಿನ ತಮಿಳಿನಲ್ಲಿ ಅದಕ್ಕೆ ಶಾಲೆ ಎಂಬ ಅರ್ಥ. ಅದನ್ನು ಹಳ್ಳಿ ಎಂದವರಿಗೆ ನಾವು ಅರ್ಧ ಅಂಕ ಕೊಟ್ಟೆವು.

ಬಾಗಲೂರು ದೊಡ್ಡ ಬಲೆ. ತಮಿಳು ಲಿಪಿಯಲ್ಲಿ ‘ಪ’ ಮತ್ತು ‘ಬ’ಗೆ ಒಂದೇ ಅಕ್ಷರ. ಹಾಗಾಗಿ ಫಲಕವನ್ನು ‘ಪಾಗಲೂರ್’ ಎಂದೂ ಓದಬಹುದು. ಪಾಗಲ್ ಎಂದರೆ ತಮಿಳಿನಲ್ಲಿ ಹಾಗಲ. ನಮ್ಮ ಗುಂಪಿನ ಒಬ್ಬ ಜಾಣೆ ಅದನ್ನು ‘ಹಾಗಲೂರು’ ಮಾಡಿಬಿಟ್ಟಳು. ಬಾಗಲೂರಿನ ಸದಸ್ಯರೊಬ್ಬರು ಪಕ್ಕದಲ್ಲೇ ಇದ್ದರು, ಅಂಕ ಕಡಿತವಾಯಿತು.

ಡೆಂಕಣಿಕೋಟೆಗೆ ‘ಹ’ ಇಲ್ಲದಿದ್ದರೂ ನಿಂತು ನೋಡಬೇಕಾದ ಹೆಸರದು. ತಮಿಳಿನಲ್ಲಿ ಅದನ್ನು ತೇನ್‌ಕನಿಕ್ಕೋಟ್ಟೈ ಎಂದು ಬರೆಯುತ್ತಾರೆ. ಜೇನು, ಹಣ್ಣು, ಕೋಟೆ! ನಮ್ಮ ಹಿರಿಯರ ಕಿವಿಗೆ ಅದು ತೆಂಕಣ ಕೋಟೆ, ದಕ್ಷಿಣದ ಕೋಟೆ. ಊರು ಹೊಸೂರಿಗೆ ದಕ್ಷಿಣದಲ್ಲೇ ಇದೆ.

ನಾಲ್ಕನೆಯ ನಿಲ್ದಾಣ: ಹಳೆಪೇಟೆಯ ಅಂಗಡಿಗಳು

ಇಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ. ಹೂವಿನ ಅಂಗಡಿಯಲ್ಲಿ ಪೂ, ಹಣ್ಣಿನ ಅಂಗಡಿಯಲ್ಲಿ ಪಳಂ, ಹಾಲಿನ ಅಂಗಡಿಯಲ್ಲಿ ಪಾಲ್, ಚಿಲ್ಲರೆ ಎಣಿಸುವಾಗ ಪತ್ತು. ಹೊಸೂರು ಗುಲಾಬಿಗೆ ಹೆಸರಾದ ಸೀಮೆ, ಹೂವಂತೂ ಸಿಕ್ಕೇ ಸಿಗುತ್ತದೆ. ಒಬ್ಬ ಹೂವಿನ ಅಜ್ಜಿ ನಮ್ಮ ಆಟ ಕೇಳಿ ನಕ್ಕು, “ನಾನು ಯಾರ ಹತ್ರ ಯಾವ ಮಾತು ಆಡ್ತೀನಿ ಅಂತ ನಂಗೇ ಗೊತ್ತಾಗಲ್ಲ ಕಣಪ್ಪಾ, ಬಂದವ್ರ ಮಾತೇ ನಂದು” ಅಂದರು. ಅವರಿಗೆ ಪೂರ್ತಿ ಅಂಕ.

ಐದನೆಯ ನಿಲ್ದಾಣ: ಕೋಟೆ ಮತ್ತು ಕೆರೆ

ಹಳೆಯ ಕೋಟೆಯಲ್ಲಿ ಈಗ ನೋಡಲು ಹೆಚ್ಚೇನೂ ಉಳಿದಿಲ್ಲ, ಕೇಳಲು ಉಂಟು. ಮೈಸೂರು ಯುದ್ಧಗಳಲ್ಲಿ ಈ ಕೋಟೆ ಕೈ ಬದಲಾಯಿಸುತ್ತಲೇ ಇತ್ತು. 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಇದನ್ನು ಹಿಡಿಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಸೀಮೆಯೇ ಕಂಪನಿಯ ಪಾಲಾಯಿತು. ಆ ಕಾಲದ ಇಂಗ್ಲಿಷ್ ಬರಹಗಳಲ್ಲಿ ಊರಿನ ಹೆಸರು ‘ಊಸೂರ್’, ‘ಒಸ್ಸೂರ್’. ‘ಹ’ ಕಳೆದವರು ತಮಿಳರು ಮಾತ್ರ ಅಲ್ಲ! 1860ರ ದಶಕದಲ್ಲಿ ಸೇಲಂ ಕಲೆಕ್ಟರ್ ಬ್ರೆಟ್ ಇಲ್ಲಿ ಇಂಗ್ಲೆಂಡಿನ ಕೆನಿಲ್‌ವರ್ತ್ ಕೋಟೆಯ ಮಾದರಿಯಲ್ಲಿ ಬಂಗಲೆ ಕಟ್ಟಿಸಿದ. ಅದೂ ಈಗ ಪಾಳು.

ರಾಮನಾಯಕನ ಕೆರೆಯ ಬಳಿ ಕೂತು ಬುತ್ತಿ ಬಿಚ್ಚಿ, ಅಂಕ ಕೂಡಿಸಿ. ಅಲ್ಲಿಂದ ಪೇಟೆಯ ಮೂಲಕ ಬೆಟ್ಟದ ಬುಡಕ್ಕೆ ವಾಪಸು. ಸೋತವರು ಎಲ್ಲರಿಗೂ ಕಾಫಿ ಕೊಡಿಸಬೇಕು.

ಇನ್ನೂ ಕಾಲಲ್ಲಿ ಕಸುವಿದ್ದವರಿಗೆ

ಮತ್ತಿಗಿರಿಯ ಕಡೆ 1824ರಲ್ಲಿ ಆರಂಭವಾದ ಸರ್ಕಾರಿ ಜಾನುವಾರು ಫಾರಂ ಇದೆ. ರಸ್ತೆಯಿಂದ ನೋಡಿದರೂ ಅಂಕ ಸಿಗುತ್ತದೆ: ತಮಿಳಿನ ಪಸು, ನಮ್ಮ ಹಸು. ಮೂಲ ಸಂಸ್ಕೃತದ ‘ಪಶು’ವೇ ಆದರೂ ಇದು ಮಾತ್ರ ‘ಹ’ ಆಗಿಬಿಟ್ಟಿದೆ. ನಿಯಮ ಮುರಿಯುವ ಈ ಪದಕ್ಕೆ ಎರಡು ಅಂಕ. ಇನ್ನೊಂದು ದಿನ ತೊರಪಳ್ಳಿಗೂ ಹೋಗಿಬನ್ನಿ. ರಾಜಾಜಿ 1878ರ ಡಿಸೆಂಬರ್ 10ರಂದು ಹುಟ್ಟಿದ ಊರು ಅದು.

ಯಾಕೆ ಈ ಆಟ?

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೊಸೂರು ಮದ್ರಾಸ್ ರಾಜ್ಯದಲ್ಲೇ ಉಳಿಯಿತು. 2004ರಿಂದ ಕೃಷ್ಣಗಿರಿ ಜಿಲ್ಲೆಯಲ್ಲಿದೆ. ನಮ್ಮ ಮಕ್ಕಳು ಫಲಕಗಳನ್ನು ತಮಿಳಿನಲ್ಲಿ, ಇಂಗ್ಲಿಷಿನಲ್ಲಿ ಓದುತ್ತಾರೆ. ಮನೆಯಲ್ಲಿ ಬೇರೆ ಥರ ಕೇಳುತ್ತಾರೆ. ‘ಪಳ್ಳಿ’ ಕಂಡಾಗ ನಮ್ಮ ಹೆಸರನ್ನು ಯಾರೋ ಕೆಡಿಸಿದರು ಎಂದುಕೊಳ್ಳುವುದು ಸುಲಭ. ಆದರೆ ಪಳ್ಳಿ ನಮ್ಮದೇ ಹಳೆಯ ರೂಪ. ನಮ್ಮ ಪೂರ್ವಿಕರೂ ಹಾಗೆಯೇ ಅನ್ನುತ್ತಿದ್ದರು. ಫಲಕದ ಪಳ್ಳಿಯ ಮೇಲೆ ಜಗಳ ಬೇಕಿಲ್ಲ.

ನಿಜವಾಗಿ ಕಳೆದುಹೋಗುತ್ತಿರುವುದು ಯಾವ ಫಲಕದಲ್ಲೂ ಇಲ್ಲದ ಹೆಸರುಗಳು. 1970ರ ದಶಕದಿಂದ ಕೈಗಾರಿಕೆ ಬಂತು, ಹಿಂದೆಯೇ ಬಡಾವಣೆಗಳು ಬಂದವು. ಹೊಲ, ತೋಪು, ಕುಂಟೆಗಳ ಹೆಸರುಗಳು ಲೇಔಟಿನ ಹೆಸರಿನಡಿ ಹೂತುಹೋದವು. ನಮ್ಮ ನಡಿಗೆಯಲ್ಲಿ ಎಂಬತ್ತು ದಾಟಿದ ತಾತನೊಬ್ಬರು ಒಂದು ಅಪಾರ್ಟ್‌ಮೆಂಟ್ ತೋರಿಸಿ, “ಇದು ಹುಣಸೇಮರದ ಹೊಲ, ಇಲ್ಲೇ ನಾನು ದನ ಕಾಯ್ತಿದ್ದೆ” ಅಂದರು. ಮೊಮ್ಮಗಳು ಅದನ್ನು ತನ್ನ ಅಂಕದ ಚೀಟಿಯ ಹಿಂದೆ ಬರೆದುಕೊಂಡಳು. ಆ ದಿನದ ಬಹುಮಾನ ಅವಳಿಗೇ ಹೋಯಿತು.

ಹೊರಡುವ ಮುನ್ನ

ನೀರು, ಟೋಪಿ, ಪೆನ್ನು, ಚೀಟಿ ಇರಲಿ. ಗುಂಪಿನಲ್ಲಿ ತಮಿಳು ಓದಬಲ್ಲವರು ಒಬ್ಬರಾದರೂ ಇರಲಿ, ಹಿರಿಯರು ಇಬ್ಬರಾದರೂ ಇರಲಿ. ಬೆಂಗಳೂರು ಹಾಗೂ ಕೃಷ್ಣಗಿರಿ ಎರಡೂ ಕಡೆಯಿಂದ ಬಸ್ಸು ಧಾರಾಳ. ಬೆಂಗಳೂರು–ಸೇಲಂ ರೈಲುಮಾರ್ಗವೂ ಹೊಸೂರಿನ ಮೇಲೇ ಹೋಗುತ್ತದೆ.

ಈ ಆಟ ಬೇರೆ ಗಡಿಯೂರುಗಳಲ್ಲೂ ನಡೆಯುತ್ತದೆ. ಕಾಸರಗೋಡಿನ ಕಡೆಯವರಿಗಂತೂ ಹೊಸದುರ್ಗವೇ ಇದೆ. ಮಲಯಾಳದಲ್ಲಿ ಅದು ಪುದಿಯಕೋಟ್ಟ. ಎರಡಕ್ಕೂ ಹೊಸ ಕೋಟೆ ಎಂದೇ ಅರ್ಥ. ನಿಮ್ಮ ಊರು ಸುತ್ತಿ ಬಂದ ಮೇಲೆ ಅಂಕದ ಲೆಕ್ಕ ಕಳಿಸದಿದ್ದರೂ ಪರವಾಗಿಲ್ಲ. ಹಿರಿಯರು ಹೇಳಿದ ಹೊಲ, ಕೆರೆ, ತೋಪುಗಳ ಹೆಸರನ್ನು, ಅವು ಎಲ್ಲಿದ್ದವು ಎಂಬುದರೊಂದಿಗೆ, ತಪ್ಪದೆ ಬರೆದು ಕಳಿಸಿ. ‘ಪ’ ಆದರೂ ಸರಿ, ‘ಹ’ ಆದರೂ ಸರಿ.