ಖಾಲಿ ಕುರ್ಚಿಯ ಪಾಠ: ಕ್ಯಾಂಪ್‌ನಿಂದ ಖಾನಾಪುರದ ತನಕ

ಇವತ್ತಿನ ಎಪಿಸೋಡ್ ಖಾನಾಪುರದಿಂದ ಬೆಳಗಾವಿ ಕಾಲೇಜಿಗೆ ಬಸ್ಸಲ್ಲಿ ಓಡಾಡೋರಿಗೆ. ಅದರಲ್ಲೂ ಬಿಎದಲ್ಲಿ ರಾಜ್ಯಶಾಸ್ತ್ರ, ಸಾರ್ವಜನಿಕ ಆಡಳಿತ ತಗೊಂಡು, "ಇದನ್ನ ಓದಿ ಏನ್ ಮಾಡ್ತಿ?" ಅಂತ ಮನೆಯಲ್ಲಿ ಕೇಳಿಸ್ಕೊಂಡೋರಿಗೆ.

ಕಿಟಕಿ ಪಕ್ಕ ಸೀಟ್ ಸಿಕ್ಕಿದ್ರೆ ಹೊರಗೆ ನೋಡ್ರಿ. ಈ ಇಪ್ಪತ್ತೈದು-ಇಪ್ಪತ್ತಾರು ಕಿಲೋಮೀಟರ್ ದಾರಿಯಲ್ಲಿ ನೀವು ಬೇರೆ ಬೇರೆ ಸ್ಥಳೀಯ ಸರ್ಕಾರಗಳನ್ನ ದಾಟ್ತೀರಿ. ಖಾನಾಪುರ ಊರಿಗೆ ಪಟ್ಟಣ ಪಂಚಾಯಿತಿ. ಸುತ್ತಲಿನ ಹಳ್ಳಿಗಳಿಗೆ 1993ರ ಪಂಚಾಯತ್ ರಾಜ್ ಕಾಯ್ದೆ. ಬೆಳಗಾವಿ ನಗರಕ್ಕೆ ಮಹಾನಗರ ಪಾಲಿಕೆ. ಆದ್ರೆ ಕ್ಯಾಂಪ್ ಬಂತು ಅಂದ್ರೆ ಲೆಕ್ಕವೇ ಬೇರೆ. ಅಲ್ಲಿನ ರಸ್ತೆ, ನೀರು, ಕಸ ನೋಡ್ಕೊಳ್ಳೋದು ದಂಡು ಮಂಡಳಿ, ಅಂದ್ರೆ ಕಂಟೋನ್ಮೆಂಟ್ ಬೋರ್ಡ್. ಅದರ ಮೇಲಿರೋದು ದೆಹಲಿಯ ರಕ್ಷಣಾ ಸಚಿವಾಲಯ.

ಯಾಕೆ ಹಿಂಗೆ? ನಿಮ್ಮ ಪಠ್ಯದಲ್ಲಿ ಸ್ಥಳೀಯ ಆಡಳಿತ ರಾಜ್ಯದ ವಿಷಯ ಅಂತ ಇರುತ್ತೆ. ಸರಿ, ಅದು ಸಂವಿಧಾನದ ರಾಜ್ಯ ಪಟ್ಟಿಯ 5ನೇ ನಮೂದು. ಆದ್ರೆ ದಂಡು ಪ್ರದೇಶದ ಸ್ಥಳೀಯ ಆಡಳಿತ ಕೇಂದ್ರ ಪಟ್ಟಿಯ 3ನೇ ನಮೂದಿನಲ್ಲಿದೆ. ಪರೀಕ್ಷೆಗೆ ಎರಡು ಸಾಲು; ಕ್ಯಾಂಪ್‌ನಲ್ಲಿ ಮನೆ ಇದ್ದೋರಿಗೆ ದಿನನಿತ್ಯದ ಬದುಕು.

ಸ್ವಲ್ಪ ಹಿಂದಕ್ಕೆ ಹೋಗೋಣ. 1818ರಲ್ಲಿ ಬೆಳಗಾವಿ ಕೋಟೆ ಬ್ರಿಟಿಷರ ಕೈ ಸೇರಿತು. ಮುಂದೆ ಕೋಟೆಯ ಹತ್ತಿರ ಸೈನ್ಯದ ನೆಲೆ ಬೆಳೆಯಿತು. ಸೈನ್ಯದ ಬೆನ್ನಿಗೆ ವ್ಯಾಪಾರಿಗಳು, ಕೆಲಸಗಾರರು, ಚರ್ಚುಗಳು, ಶಾಲೆಗಳು ಬಂದವು. ಸೇಂಟ್ ಪಾಲ್ಸ್ ಶಾಲೆ 1856ರದ್ದು. ಊರು ಬೆಳೆದರೂ ಅಧಿಕಾರ ಮಾತ್ರ ಸೇನಾಧಿಕಾರಿಯದ್ದೇ.

1882ರಲ್ಲಿ ವೈಸ್‌ರಾಯ್ ಲಾರ್ಡ್ ರಿಪನ್ ಒಂದು ನಿರ್ಣಯ ಹೊರಡಿಸಿದರು. ಅದರ ತಿರುಳು ಇಷ್ಟೇ: ಊರಿನ ಆಡಳಿತ ಜನರ ಕೈಗೆ ಕೊಡೋದು ಕೆಲಸ ಚೆನ್ನಾಗಿ ಆಗಲಿ ಅಂತಲ್ಲ, ಜನ ರಾಜಕೀಯ ಕಲೀಲಿ ಅಂತ. ಸಾರ್ವಜನಿಕ ಆಡಳಿತದ ಮೊದಲ ಅಧ್ಯಾಯದಲ್ಲಿ ಬರೋ ವುಡ್ರೋ ವಿಲ್ಸನ್ ಅವರ ಪ್ರಬಂಧ 1887ರದ್ದು. ಅಂದ್ರೆ ಅದಕ್ಕೂ ಐದು ವರ್ಷ ಮೊದಲೇ ನಮ್ಮಲ್ಲಿ ಪುರಸಭೆಯನ್ನ ಒಂದು ಪಾಠಶಾಲೆ ಅಂತ ನೋಡಿದ್ದರು.

ನಿಜವಾದ ಕಾಲೇಜು ಬರೋಕೆ ತಡವಾಯ್ತು. 1916ರಲ್ಲಿ ಏಳು ಜನ ಶಿಕ್ಷಕರು ಸೇರಿ ಕೆಎಲ್‌ಇ ಸಂಸ್ಥೆ ಕಟ್ಟಿದರು; 1933ರಲ್ಲಿ ಅದರ ಲಿಂಗರಾಜ ಕಾಲೇಜು ಶುರುವಾಯ್ತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ, 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. ಪದವಿ ಹೀಗೆ ಒಂದೊಂದೇ ಹೆಜ್ಜೆ ಮನೆ ಹತ್ತಿರ ಬಂತು.

ಈ ನಡುವೆ 1924 ಬಂತು. ಆ ಡಿಸೆಂಬರ್‌ನಲ್ಲಿ ಕ್ಯಾಂಪ್‌ಗೆ ಹತ್ತಿರದ ಟಿಳಕವಾಡಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆಯಿತು. ಅದೇ ವರ್ಷ ಕಂಟೋನ್ಮೆಂಟ್ ಕಾಯ್ದೆಯೂ ಬಂತು. ಆ ಕಾಯ್ದೆ ದಂಡು ಮಂಡಳಿಯಲ್ಲಿ ಜನ ಆರಿಸಿದ ಸದಸ್ಯರಿಗೆ ಜಾಗ ಕೊಟ್ಟಿತು. ಸ್ವಾತಂತ್ರ್ಯ ಬಂದ ಮೇಲೂ 2006ರ ತನಕ ನಡೆದದ್ದು ಅದೇ ಕಾಯ್ದೆ. ಹೊಸ ಕಾಯ್ದೆಯಲ್ಲೂ ಅಧ್ಯಕ್ಷರು ಸೇನಾಧಿಕಾರಿಯೇ, ಉಪಾಧ್ಯಕ್ಷರು ಮಾತ್ರ ಚುನಾಯಿತರು.

ಈಗ ಆ ಪಾಠಶಾಲೆಯ ಹಾಜರಿ ತೆಗೆಯೋಣ. ದಂಡು ಮಂಡಳಿಗಳ ಚುನಾಯಿತ ಸದಸ್ಯರ ಅವಧಿ 2021ರ ಫೆಬ್ರವರಿಯಲ್ಲಿ ಮುಗಿಯಿತು. ಆಮೇಲೆ ಜನರ ಪರವಾಗಿ ಉಳಿದದ್ದು ನಾಮನಿರ್ದೇಶಿತ ಒಬ್ಬ ಸದಸ್ಯರು. ದೇಶದ 57 ಮಂಡಳಿಗಳಿಗೆ 2023ರ ಏಪ್ರಿಲ್ 30ಕ್ಕೆ ಚುನಾವಣೆ ಅಂತ ಘೋಷಣೆ ಆಯ್ತು, ಮಾರ್ಚ್‌ನಲ್ಲೇ ರದ್ದಾಯ್ತು. ದಂಡಿನ ಜನವಸತಿ ಪ್ರದೇಶವನ್ನ ಪಕ್ಕದ ನಗರಾಡಳಿತಕ್ಕೆ ಸೇರಿಸೋ ಮಾತು ಮುಂದೆ ಬಂತು.

"ಕ್ಯಾಂಪ್ ಅಲ್ವಾ, ಅಲ್ಲಿ ಹಂಗೇ" ಅನ್ನಬೇಡ್ರಿ. ಬೆಳಗಾವಿ ಪಾಲಿಕೆಯ ಸದಸ್ಯರ ಅವಧಿ 2019ರಲ್ಲಿ ಮುಗಿದರೂ 58 ವಾರ್ಡ್‌ಗಳಿಗೆ ಮತದಾನ ನಡೆದದ್ದು 2021ರ ಸೆಪ್ಟೆಂಬರ್ 3ಕ್ಕೆ. ಮೇಯರ್ ಆಯ್ಕೆ ಆಗೋ ಹೊತ್ತಿಗೆ 2023ರ ಫೆಬ್ರವರಿ. ಖಾನಾಪುರದ ಕಡೆ ಹೋದ್ರೆ ತಾಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿಯೂ 2021ರಲ್ಲೇ ಮುಗಿದು, ವರ್ಷಗಟ್ಟಲೆ ಚುನಾವಣೆ ಇಲ್ಲದೆ ಅಧಿಕಾರಿಗಳ ಕೈಯಲ್ಲಿ ನಡೆದವು. ಪಂಚಾಯಿತಿ, ಪಾಲಿಕೆಗಳಿಗೆ ಐದು ವರ್ಷಕ್ಕೊಮ್ಮೆ ಚುನಾವಣೆ ಅಂತ ಸಂವಿಧಾನವೇ ಹೇಳಿದೆ. ಪುಸ್ತಕದಲ್ಲಿ ಅದು ಒಂದು ಮಾರ್ಕಿನ ಪ್ರಶ್ನೆ. ಬೀದಿಯಲ್ಲಿ ಅದು ಖಾಲಿ ಕುರ್ಚಿ.

ಕುರ್ಚಿ ಖಾಲಿ ಇದ್ದರೂ ಕಚೇರಿ ನಡೆಯುತ್ತೆ ನೋಡ್ರಿ. ಕಸ ಎತ್ತುತ್ತಾರೆ, ತೆರಿಗೆ ಕಟ್ಟಿಸ್ಕೊಳ್ತಾರೆ. ಅದು ಆಡಳಿತ. ನಳದಲ್ಲಿ ನೀರು ಬರದಿದ್ದಾಗ ನೀವು ನಿಲ್ಲಿಸಿ ಕೇಳೋಕೆ, ಮುಂದಿನ ಸಲ ಸೋಲಿಸೋಕೆ ಒಬ್ಬ ಮನುಷ್ಯ ಬೇಕಲ್ಲ, ಅದು ರಾಜಕೀಯ. ನಿಮ್ಮ ಡಿಗ್ರಿಯಲ್ಲಿ ಇವೆರಡೂ ಜೊತೆಗೇ ಇರೋದು ಇದಕ್ಕೇ. ಮೊದಲನೆಯದು ಎರಡನೆಯದಿಲ್ಲದೆಯೂ ಎಷ್ಟು ದಿನ ಬೇಕಾದರೂ ನಡೆದುಬಿಡುತ್ತೆ, ಯಾರೂ ಗಮನಿಸದಿದ್ದರೆ.

ಹಂಗಾಗಿ ಮನೆಯಲ್ಲಿ ಮತ್ತೆ "ಇದನ್ನ ಓದಿ ಏನ್ ಮಾಡ್ತಿ?" ಅಂದ್ರೆ, ತಿರುಗಿ ಒಂದು ಪ್ರಶ್ನೆ ಕೇಳ್ರಿ: ನಮ್ಮ ವಾರ್ಡಿನ ಮೆಂಬರ್ ಯಾರು? ಉತ್ತರ ಬರೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ನೋಡ್ರಿ. ಮತ್ತೆ ಸಿಗೋಣ.