ಹಾಸನ ಜಿಲ್ಲೆಯ ರೈಲು ಮಾರ್ಗಗಳು: ಮೀಟರ್ ಗೇಜ್‌ನಿಂದ ವಿದ್ಯುತ್ ಎಂಜಿನ್‌ವರೆಗೆ

ಹಾಸನ ಜಿಲ್ಲೆಯ ಯಾವ ಪಟ್ಟಣದಲ್ಲೂ ಟ್ರಾಮ್ ಓಡಿದ್ದಿಲ್ಲ. ನೆರೆಯ ಮದರಾಸು ನಗರದಲ್ಲಿ 1895ರಿಂದ 1953ರವರೆಗೆ ವಿದ್ಯುತ್ ಟ್ರಾಮ್‌ಗಳು ಸಂಚರಿಸಿದವು. ಮೈಸೂರು ಸಂಸ್ಥಾನವು 1902ರಲ್ಲೇ ಶಿವನಸಮುದ್ರದಲ್ಲಿ ಜಲವಿದ್ಯುತ್ ಉತ್ಪಾದಿಸಿದರೂ ಆ ಶಕ್ತಿ ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ; 1905ರಲ್ಲಿ ಬೆಂಗಳೂರಿನ ದೀಪಗಳಿಗೆ. ಹಾಸನ ಸೀಮೆಯ ಹಳಿಗಳಿಗೆ ವಿದ್ಯುತ್ ತಲುಪಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಈ ಅವಧಿಯಲ್ಲಿ ಹಳಿ ಸಾಗಿದ ದಾರಿಯೇ ಜಿಲ್ಲೆಯ ಪಟ್ಟಣಗಳ ಸಂಪರ್ಕದ ಸ್ವರೂಪವನ್ನು ನಿರ್ಧರಿಸಿತು.

ಮೊದಲ ಮಾರ್ಗ

ಈಗಿನ ಜಿಲ್ಲೆಗೆ ರೈಲು ಮೊದಲು ಬಂದದ್ದು ಅರಸೀಕೆರೆಗೆ. ಬೆಂಗಳೂರಿನಿಂದ ತುಮಕೂರು ಮೂಲಕ ಹರಿಹರದತ್ತ ಸಾಗಿದ ಮೀಟರ್ ಗೇಜ್ ಮಾರ್ಗ 1880ರ ದಶಕದಲ್ಲಿ ನಿರ್ಮಾಣವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ (1912–1918) ಕಾಲದಲ್ಲಿ ಮೈಸೂರು–ಅರಸೀಕೆರೆ ಮಾರ್ಗ ರೂಪುಗೊಂಡಿತು. ಕೃಷ್ಣರಾಜನಗರ, ಹೊಳೆನರಸೀಪುರ, ಹಾಸನಗಳನ್ನು ಹಾದುಹೋಗುವ ಈ ಮಾರ್ಗದಿಂದ ಹೊಳೆನರಸೀಪುರಕ್ಕೆ ರೈಲು ನಿಲ್ದಾಣ ಲಭಿಸಿತು. ಚನ್ನರಾಯಪಟ್ಟಣ ಮತ್ತು ಅರಕಲಗೂಡು ಪಟ್ಟಣಗಳು ಹೊರಗುಳಿದವು.

ಘಟ್ಟದ ಹಾದಿ

ಮಂಗಳೂರಿಗೆ ಮದರಾಸಿನ ಕಡೆಯಿಂದ 1907ರಲ್ಲೇ ರೈಲು ಬಂದಿತ್ತು. ಆದರೆ ಪಶ್ಚಿಮ ಘಟ್ಟ ಅಡ್ಡವಿದ್ದುದರಿಂದ ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ ಪೂರ್ಣಗೊಂಡದ್ದು 1979ರಲ್ಲಿ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಣ ಸುಮಾರು 55 ಕಿ.ಮೀ. ಹಾದಿಯಲ್ಲಿ 57 ಸುರಂಗಗಳಿವೆ. ಪ್ರತಿ 50 ಮೀಟರ್ ದೂರಕ್ಕೆ 1 ಮೀಟರ್‌ನಷ್ಟು ಏರು ಇದೆ. ಬ್ರಾಡ್ ಗೇಜ್ ಪರಿವರ್ತನೆಗಾಗಿ 1996ರಲ್ಲಿ ನಿಂತ ಪ್ರಯಾಣಿಕ ರೈಲು ಸಂಚಾರ ಮತ್ತೆ ಆರಂಭವಾದದ್ದು 2007ರ ಡಿಸೆಂಬರ್‌ನಲ್ಲಿ. ಹೀಗೆ ಒಂದು ದಶಕಕ್ಕೂ ಮಿಕ್ಕಿ ಕರಾವಳಿಗೆ ಹೋಗುವ ಪ್ರಯಾಣಿಕರಿಗೆ ಬಸ್ಸೇ ಗತಿಯಾಯಿತು.

ಚನ್ನರಾಯಪಟ್ಟಣದ ಕಾಯುವಿಕೆ

ಹಾಸನದಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಬೇಕಾದವರು ಬಹುಕಾಲ ಅರಸೀಕೆರೆ ಅಥವಾ ಮೈಸೂರನ್ನು ಸುತ್ತಬೇಕಿತ್ತು. ಹೊಳೆನರಸೀಪುರ ತಾಲ್ಲೂಕಿನವರಾದ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದ 1996–97ರಲ್ಲಿ ಬೆಂಗಳೂರು–ಹಾಸನ ನೇರ ಮಾರ್ಗಕ್ಕೆ ಮಂಜೂರಾತಿ ದೊರೆಯಿತು. ನೆಲಮಂಗಲ, ಕುಣಿಗಲ್, ಶ್ರವಣಬೆಳಗೊಳ, ಚನ್ನರಾಯಪಟ್ಟಣಗಳ ಮೂಲಕ ಸಾಗುವ ಈ ಮಾರ್ಗ ಭಾಗಭಾಗವಾಗಿ ನಿರ್ಮಾಣಗೊಂಡು 2017ರ ಮಾರ್ಚ್ 26ರಂದು ಪೂರ್ಣ ಪ್ರಮಾಣದಲ್ಲಿ ಉದ್ಘಾಟನೆಯಾಯಿತು. ಮಂಜೂರಾತಿಗೂ ಉದ್ಘಾಟನೆಗೂ ನಡುವೆ ಕಳೆದದ್ದು ಎರಡು ದಶಕ. ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲೇ ಇದ್ದರೂ ರೈಲು ಕಾಣದಿದ್ದ ಚನ್ನರಾಯಪಟ್ಟಣಕ್ಕೆ ರಾಜಧಾನಿಯ ನೇರ ರೈಲು ಸಂಪರ್ಕ ಸಿಕ್ಕಿದ್ದು ಹೀಗೆ.

ವಿದ್ಯುತ್ ರೈಲು

ಬೆಂಗಳೂರು–ಮಂಗಳೂರು ಮಾರ್ಗದ ವಿದ್ಯುದೀಕರಣದಲ್ಲಿ ಕೊನೆಗೆ ಉಳಿದದ್ದು ಘಟ್ಟದ ಭಾಗ. ಕಿರಿದಾದ ಸುರಂಗ, ತೀವ್ರ ತಿರುವು, ಮಳೆಗಾಲದ ಗುಡ್ಡಕುಸಿತಗಳ ನಡುವೆ ಕಂಬ ನೆಟ್ಟು ತಂತಿ ಎಳೆಯುವುದು ಸುಲಭವಿರಲಿಲ್ಲ. ಕಾಮಗಾರಿಗಾಗಿ 2025ರಲ್ಲಿ ಹಗಲು ರೈಲುಗಳನ್ನು ತಿಂಗಳುಗಟ್ಟಲೆ ರದ್ದುಪಡಿಸಲಾಯಿತು. ಅದೇ ವರ್ಷದ ಡಿಸೆಂಬರ್ ಅಂತ್ಯದಲ್ಲಿ ವಿದ್ಯುತ್ ಎಂಜಿನ್ ಪ್ರಾಯೋಗಿಕವಾಗಿ ಘಟ್ಟದ ಹಾದಿಯಲ್ಲಿ ಸಂಚರಿಸುವುದರೊಂದಿಗೆ ಇಡೀ ಮಾರ್ಗದ ವಿದ್ಯುದೀಕರಣ ಪೂರ್ಣಗೊಂಡಿತು.

ಉಳಿದ ಪಟ್ಟಣ

ಇಷ್ಟೆಲ್ಲ ಬದಲಾವಣೆಗಳ ನಡುವೆಯೂ ಅರಕಲಗೂಡು ಪಟ್ಟಣಕ್ಕೆ ಹಳಿ ಬಂದಿಲ್ಲ. ಇಲ್ಲಿನ ಜನ ರೈಲು ಹಿಡಿಯಲು ಬಸ್ಸಿನಲ್ಲಿ ಹಾಸನಕ್ಕೋ ಹೊಳೆನರಸೀಪುರಕ್ಕೋ ಬರಬೇಕು. ಈ ತಾಲ್ಲೂಕಿನ ಆಲೂಗಡ್ಡೆ, ತಂಬಾಕು ಬೆಳೆಗಳಿಗೂ ರಸ್ತೆಯೇ ಆಧಾರ. ನೂರು ವರ್ಷಗಳ ಹಿಂದೆ ಹೊಳೆನರಸೀಪುರದ ಮೇಲೆ ಹಾದ ಮಾರ್ಗ ಉಂಟುಮಾಡಿದ ಅಂತರ, ಡೀಸೆಲ್ ಹೋಗಿ ವಿದ್ಯುತ್ ಬಂದ ಮೇಲೂ ಹಾಗೆಯೇ ಉಳಿದಿದೆ.